‘ಊಟ ಮಾಡ್ತೀಯಾ?’ ಎಂದು ಕೇಳುವವನ ಕಾದಂಬರಿ

ಮೂಡಿಗೆರೆ ತಾಲ್ಲೂಕಿನಲ್ಲಿ ಗೃಹಾಧಾರಿತ ಶಿಕ್ಷಣಕ್ಕಾಗಿ ಮನೆಮನೆಗೆ ಹೋಗುವ ವಿಶೇಷ ಶಿಕ್ಷಕನಾಗಿ ಹಲವು ವರ್ಷ ದುಡಿದಿದ್ದರಿಂದ, ಬೆಳವಣಿಗೆಯ ನ್ಯೂನತೆಯಿರುವ ವ್ಯಕ್ತಿಯೊಬ್ಬನನ್ನು ನಡುವೆ ಇಟ್ಟುಕೊಂಡು ಕಾದಂಬರಿ ಬರೆಯುವುದು ನನಗೆ ಕಷ್ಟವಾಗಲಾರದು ಎಂದುಕೊಂಡಿದ್ದೆ. ಮೊದಲ ಕರಡನ್ನು ಓದಿದ ಗೆಳೆಯರೊಬ್ಬರು, ‘ಇದು ತಾಯಿಯ ಕಾದಂಬರಿ, ಮಗ ಇಲ್ಲಿ ಅವಳ ಕಣ್ಣೀರಿಗೆ ನೆಪ ಅಷ್ಟೇ’ ಎಂದರು. ತಿರುವಿ ನೋಡಿದರೆ, ಇನ್ನೂರು ಪುಟಗಳಲ್ಲಿ ಅವನು ತಾನಾಗಿ ಏನನ್ನೂ ಬಯಸಿರಲಿಲ್ಲ, ಏನನ್ನೂ ಬೇಡವೆಂದಿರಲೂ ಇಲ್ಲ.

ಎರಡನೆಯ ಕರಡನ್ನು ಅವನ ಮಾತಿನಿಂದ ಶುರುಮಾಡಿದೆ. ಅವನಿಗಿರುವುದು ಆಟಿಸಂ, ಅಂದರೆ ಮಾತು ಮತ್ತು ಒಡನಾಟದ ರೀತಿಯೇ ಬೇರೆಯಾಗಿ ಬೆಳೆಯುವ ಸ್ಥಿತಿ. ಅದು ಇರುವ ಕೆಲವರು ಕೇಳಿಸಿಕೊಂಡ ವಾಕ್ಯವನ್ನೇ ಹಾಗೆಯೇ ಮರಳಿ ಹೇಳುತ್ತಾರೆ, ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎನ್ನುತ್ತಾರೆ. ಕನ್ನಡದಲ್ಲಿ ಈ ಸರ್ವನಾಮಗಳನ್ನು ಬಾಯಿಬಿಟ್ಟು ಹೇಳುವುದೇ ಕಡಿಮೆ. ಯಾರೆಂಬುದು ಕ್ರಿಯಾಪದದ ಕೊನೆಯಲ್ಲಿ ಅಡಗಿರುತ್ತದೆ. ಹೀಗಾಗಿ ಹಸಿವಾದಾಗ ನನ್ನ ನಾಯಕ ‘ಊಟ ಮಾಡ್ತೀಯಾ?’ ಎನ್ನುತ್ತಾನೆ, ಅದೂ ಅಮ್ಮ ಕೇಳುವ ರಾಗದಲ್ಲೇ. ಬಂದವರು ‘ನಂದಾಯ್ತಪ್ಪ’ ಎಂದು ಹೊರಡುತ್ತಾರೆ, ಅವನು ಹಸಿದೇ ಕೂರುತ್ತಾನೆ. ಈ ಮಾತಿನ ಪಕ್ಕದಲ್ಲಿ ಯಾವ ವಿವರಣೆಯನ್ನೂ ಕೊಡಬಾರದೆಂದು ತೀರ್ಮಾನಿಸಿದೆ. ಮೊದಲ ಮೂರು ಸಲ ಓದುಗರೂ ತಪ್ಪಾಗಿಯೇ ಕೇಳಿಸಿಕೊಳ್ಳಲಿ, ನಾಲ್ಕನೆಯ ಸಲ ಅವರಿಗೇ ಎದ್ದು ತಟ್ಟೆ ಹಾಕೋಣ ಎನ್ನಿಸಲಿ ಎಂಬುದು ನನ್ನ ಲೆಕ್ಕಾಚಾರ.

ಏಕವಚನದ ತೊಡಕು ಇದಕ್ಕಿಂತ ಹೆಚ್ಚು ಕಾಡಿತು. ಮೂವತ್ತೊಂದು ವರ್ಷದ ಗಂಡಸನ್ನು ಊರೆಲ್ಲ ‘ಪಾಪು’ ಎನ್ನುತ್ತದೆ. ಅವನಿಗಿಂತ ಹತ್ತು ವರ್ಷ ಚಿಕ್ಕವರೂ ‘ಬಾರೋ’ ಎಂದು ಕರೆಯುತ್ತಾರೆ. ನಿರೂಪಣೆಯಲ್ಲಿ ಅವನನ್ನು ‘ಅವರು’ ಎಂದರೆ ಕೃತಕ, ‘ಅವನು’ ಎಂದರೆ ನಾನೂ ಊರಿನವರ ಜೊತೆ ಸೇರಿದಂತೆ. ಕೊನೆಗೆ ತೋಟದ ಧಣಿಯಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಏಕವಚನವನ್ನೇ ಬಳಸಿದೆ. ಹಿರಿಯರೊಬ್ಬರು ಇದಕ್ಕೆ ಮುನಿಸಿಕೊಂಡರು, ಅದರಿಂದ ನನಗೆ ಒಳಗೊಳಗೇ ಸಮಾಧಾನವೇ ಆಯಿತು.

ಕಾನೂನಿನ ವಿಷಯದಲ್ಲೂ ಎಡವಿದೆ. 1998ರಲ್ಲಿ ನಡೆಯುವ ಅಧ್ಯಾಯದಲ್ಲಿ ಅಂಗವಿಕಲರ ಪ್ರಮಾಣಪತ್ರದ ಮೇಲೆ ‘ಆಟಿಸಂ’ ಎಂದು ಬರೆಸಿದ್ದೆ. ಆಗ ಜಾರಿಯಲ್ಲಿದ್ದ 1995ರ ಕಾಯ್ದೆ ಗುರುತಿಸಿದ್ದು 7 ಬಗೆಗಳನ್ನು ಮಾತ್ರ, ಆಟಿಸಂ ಅವುಗಳಲ್ಲಿ ಇರಲಿಲ್ಲ. ಅದು ಸೇರಿ 21 ಬಗೆಗಳಾದದ್ದು 2016ರ ಕಾಯ್ದೆಯಲ್ಲಿ. ಆ ಜಾಗದಲ್ಲಿ ‘ಬುದ್ಧಿಮಾಂದ್ಯ’ ಎಂದು ತಿದ್ದಿದೆ.

ಅವನಿಗೆ ತೋಟದಲ್ಲಿ ಕೆಲಸ ಕೊಟ್ಟ ಭಾಗವನ್ನು ಬರೆಯುವಾಗ ಮಾತ್ರ ಕೈ ಸರಾಗವಾಗಿ ಓಡಿತು. ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆ ತೂಕಕ್ಕೆ ಮೊದಲು ಚೀಲ ಸುರಿದು, ಕೆಂಪು ಹಣ್ಣಿನ ನಡುವಿನ ಹಸಿರು ಕಾಯಿಗಳನ್ನು ಆರಿಸಿ ತೆಗೆಯಬೇಕು. ಬೇರೆಯವರು ಹರಟುತ್ತಾ ಮುಗಿಸುವ ಈ ಕೆಲಸವನ್ನು ಅವನು ಒಂದೊಂದೇ ಹಣ್ಣನ್ನು ಹೊರಳಿಸಿ ಮಾಡುತ್ತಾನೆ. ತೊಟ್ಟಿನ ಬಳಿ ಉಗುರಿನಷ್ಟು ಹಸಿರಿದ್ದರೂ ಬದಿಗಿಡುತ್ತಾನೆ. ಕತ್ತಲಾಗುತ್ತದೆ, ಆಳುಗಳು ಬೈಯುತ್ತಾರೆ, ಅವನು ಏಳುವುದಿಲ್ಲ. ನಮ್ಮ ಕಥೆಗಳಲ್ಲಿ ಇಂಥವರು ಒಂದೋ ಕೊನೆಯಲ್ಲಿ ಸಾಯುತ್ತಾರೆ, ಇಲ್ಲವೇ ಒಂದು ಅದ್ಭುತ ಪ್ರತಿಭೆಯಿಂದ ಊರನ್ನೇ ಬೆರಗುಗೊಳಿಸುತ್ತಾರೆ. ಎರಡೂ ಬೇಡವೆಂದು, ಅವನನ್ನು ನಿಧಾನದ ಆಳಾಗಿಯೇ ಉಳಿಸಿದೆ.

ಕೊನೆಯ ಅಧ್ಯಾಯದಲ್ಲಿ, ಅಲ್ಲಿಯವರೆಗೆ ತಾಯಿಯ ಕೈಗೆ ಹೋಗುತ್ತಿದ್ದ ಕೂಲಿಯನ್ನು ಬಟವಾಡೆಯ ದಿನ ಅವನೇ ಎಣಿಸಿ ಪಡೆಯುತ್ತಾನೆ. ನಾನು ಪಾಠಕ್ಕೆ ಹೋಗುತ್ತಿದ್ದ ಮನೆಯೊಂದರ ತಾಯಿಗೆ ಅದನ್ನು ಓದಿ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, ‘ಎಲ್ಲ ಸರಿ ಮೇಷ್ಟ್ರೇ, ಆದ್ರೆ ನಮ್ಮ ಹುಡುಗ ಹತ್ತು ರೂಪಾಯಿ ನೋಟು ಬಿಟ್ಟು ಬೇರೆ ಯಾವುದನ್ನೂ ದುಡ್ಡು ಅಂತ ಒಪ್ಪಲ್ಲ’ ಎಂದರು. ಆ ಪುಟಗಳನ್ನು ಅಂದೇ ರಾತ್ರಿ ಹೊಸದಾಗಿ ಬರೆದೆ: ತೋಟದ ಲೆಕ್ಕ ಬರೆಯುವ ರೈಟರ್ ಗುರುವಾರದಿಂದಲೇ ಅಂಗಡಿ ಅಂಗಡಿ ಅಲೆದು ಹತ್ತರ ನೋಟುಗಳನ್ನು ಕೂಡಿಹಾಕತೊಡಗುತ್ತಾನೆ.