ಹೊನ್ನೆಣ್ಣೆಯ ದೀಪ ಹಚ್ಚಿ ಬರ್ಮಾದ ಎಣ್ಣೆಬಾವಿಗಳ ಕತೆ ಹೇಳುವುದು ಹೇಗೆ

ಅಂಕೋಲಾ ಕಡೆಯ ಶಾಲೆಯಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿದವಳು ನಾನು. ಎರಡನೇ ಮಹಾಯುದ್ಧ ಎಂದರೆ ಮಕ್ಕಳ ಕಣ್ಣಿಗೆ ವಿಮಾನ, ಬಾಂಬು ಅಷ್ಟೇ. ಎಣ್ಣೆಗಾಗಿ ನಡೆದ ಹೊಡೆದಾಟ ಅವರಿಗೆ ತಟ್ಟಬೇಕೆಂದರೆ ದೀಪದಿಂದಲೇ ಶುರುಮಾಡಬೇಕು.

ಕಡಲಂಚಿನ ಹೊನ್ನೆಮರದ ಬುಡದಲ್ಲಿ ಉದುರಿದ ಕಾಯಿ ಆರಿಸಿ ತನ್ನಿ. ಮರದಿಂದ ಕೊಯ್ಯಬೇಡಿ, ಎಳೆಯದರಲ್ಲಿ ಎಣ್ಣೆ ಇರುವುದಿಲ್ಲ. ಒಡೆದು ತಿರುಳು ತೆಗೆದು ಬಿಸಿಲಿಗೆ ಹರವಿ. ಬೆಳ್ಳಗಿದ್ದ ತಿರುಳು ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದ ಬೆರಳು ಜಿಡ್ಡಾಗುವವರೆಗೆ ಕಾಯಿರಿ, ವಾರಗಳೇ ಹಿಡಿಯುತ್ತವೆ. ಗಾಣಕ್ಕೆ ಹಾಕುವಷ್ಟು ಇಲ್ಲದಿದ್ದರೆ ಕುಟ್ಟಿ, ತುಸು ಬಿಸಿಮಾಡಿ, ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಅಡುಗೆಯ ಒರಳು ಮಾತ್ರ ಬೇಡ, ಈ ಎಣ್ಣೆ ತಿನ್ನುವಂಥದ್ದಲ್ಲ.

ಸಂಜೆ ಕರೆಂಟು ಆರಿಸಿ ಹಣತೆ ಹಚ್ಚಿ. ಹಸಿರು ಬಣ್ಣದ ಮಂದ ಎಣ್ಣೆ, ಸಿಡಿಯುವ ಬತ್ತಿ, ಘಾಟು ಹೊಗೆ. ಒಂದು ಪುಟ ಓದಲು ಹೇಳಿ. ಎರಡನೇ ಸಾಲಿಗೇ ಮಕ್ಕಳು ಕಣ್ಣು ಉಜ್ಜಿಕೊಳ್ಳುತ್ತಾರೆ. ಆಗ ಹೇಳಿ: ಚಿಮಣಿ ಎಣ್ಣೆ ಬಂದಮೇಲೆ ನಮ್ಮ ಮನೆಗಳು ಇದನ್ನು ಬಿಟ್ಟಿದ್ದವು, 1942ರಲ್ಲಿ ಬರ್ಮಾ (ಇಂದಿನ ಮ್ಯಾನ್ಮಾರ್) ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತಾಗ ಮತ್ತೆ ಹುಡುಕಿದವು. "ಬರ್ಮಾ ಹೋಯ್ತು, ಎಣ್ಣೆಯೂ ಹೋಯ್ತು" ಎನ್ನುತ್ತಿದ್ದಳು ನನ್ನ ಅಜ್ಜಿ.

ಮರುದಿನ ಇಳಿತದ ಹೊತ್ತಿಗೆ ಕಡಲತೀರಕ್ಕೆ ಕರೆದುಕೊಂಡು ಹೋಗಿ. ಹಸಿ ಮರಳಿನ ಮೇಲೆ ಬಂಗಾಳ ಕೊಲ್ಲಿ ಬರೆಸಿ, ಐರಾವತಿ ನದಿಗೆ ಹಗ್ಗ ಹಾಸಿ, ದಡದಲ್ಲಿ ಒಂದು ಚಿಪ್ಪು ಇಡಿಸಿ. ಅದು ಯೆನಾಂಗ್ಯಾಂಗ್, ಬರ್ಮಾದ ಎಣ್ಣೆಬಾವಿಗಳ ಊರು. ನಾರುವ ನೀರಿನ ತೊರೆ ಎಂದು ಆ ಹೆಸರಿನ ಅರ್ಥ. ಬ್ರಿಟಿಷ್ ಕಂಪನಿ ಬರುವ ಮೊದಲೇ ಅಲ್ಲಿನ ಮನೆತನಗಳು ಕೈಯಿಂದ ಬಾವಿ ತೋಡಿ, ನಾವು ನೀರು ಸೇದುವ ಹಾಗೆ ಎಣ್ಣೆ ಸೇದುತ್ತಿದ್ದವು. ಇದನ್ನು ಅವಸರ ಮಾಡದೆ ಹೇಳಿ. ಆ ಎಣ್ಣೆಗೆ ವಾರಸುದಾರರು ಇದ್ದರು ಎಂಬುದೇ ಇಡೀ ಪಾಠದ ಜೀವ. ಆಮೇಲೆ ಬರ್ಮಾ ಆಯಿಲ್ ಕಂಪನಿ ಬಂತು, ರಂಗೂನ್ ಹತ್ತಿರದ ಸಿರಿಯಮ್ ಶುದ್ಧೀಕರಣ ಘಟಕಕ್ಕೆ ಕೊಳವೆ ಹಾಕಿತು. 1938ರಲ್ಲಿ ಎಣ್ಣೆ ಕೆಲಸಗಾರರು ಮುಷ್ಕರ ಹೂಡಿ ರಂಗೂನಿನತ್ತ ನಡೆದೇ ಹೊರಟರು.

ಯುದ್ಧದ ಭಾಗ ಬೇಗ ಮುಗಿಸಿ. 1941ರಲ್ಲಿ ಅಮೆರಿಕ ಜಪಾನಿಗೆ ಎಣ್ಣೆ ಕೊಡುವುದನ್ನು ನಿಲ್ಲಿಸಿತು, ಜಪಾನ್ ಆಗ್ನೇಯ ಏಷ್ಯಾದ ಎಣ್ಣೆಯ ಮೇಲೆ ಕಣ್ಣಿಟ್ಟಿತು. 1942ರ ಮಾರ್ಚ್‌ನಲ್ಲಿ ರಂಗೂನ್ ಬಿತ್ತು. ಏಪ್ರಿಲ್‌ನಲ್ಲಿ, ಜಪಾನಿಗೆ ಸಿಗಬಾರದೆಂದು ಬ್ರಿಟಿಷರೇ ಯೆನಾಂಗ್ಯಾಂಗಿನ ಬಾವಿಗಳನ್ನು ಹಾಳುಮಾಡಿ ಬೆಂಕಿ ಇಟ್ಟರು. ಇಲ್ಲಿ ಚಿಪ್ಪನ್ನು ಒಂದು ಮಗುವಿನ ಕೈಯಿಂದಲೇ ತೆಗೆಸಿ.

ಕೊನೆಗೆ ದೊಡ್ಡ ಮಕ್ಕಳಿಗೆ ಮಾತ್ರ ಇದೊಂದು ಹೇಳಿ. ಸುಟ್ಟ ಆಸ್ತಿಗೆ ಪರಿಹಾರ ಕೇಳಿ ಕಂಪನಿ ಬ್ರಿಟನ್ನಿನಲ್ಲೇ ದಾವೆ ಹೂಡಿ, ಅಲ್ಲಿಯ ಅತ್ಯುನ್ನತ ನ್ಯಾಯಪೀಠದಲ್ಲಿ ಗೆದ್ದಿತು. 1965ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಆ ಹಕ್ಕನ್ನು ಅಳಿಸಿತು. ಒಂದು ವರ್ಷ ಏಳನೇ ತರಗತಿಯ ಹುಡುಗಿ ಎದ್ದು ನಿಂತು ಕೇಳಿದಳು: "ಬಾವಿ ತೋಡಿದವರಿಗೆ ಎಷ್ಟು ಕೊಟ್ರು ಟೀಚರ್?" ಈ ಪ್ರಶ್ನೆ ತಾನಾಗಿ ಬರುವವರೆಗೆ ಸುಮ್ಮನಿರಿ, ನೀವಾಗಿ ಕೇಳಬೇಡಿ. ಅಷ್ಟರಲ್ಲಿ ಭರತ ಏರಿ ಐರಾವತಿಯ ಹಗ್ಗ ತೇಲತೊಡಗುತ್ತದೆ, ಅದನ್ನು ಎತ್ತಿಟ್ಟುಕೊಳ್ಳಲು ಮರೆಯಬೇಡಿ.