ಮೂರು ಟನ್ನಿನ ಗಾಡಿ ಮಾರಿ ಎರಡು ಟನ್ನಿನದು ತಂದೆ

"ಮೂರು ಟನ್ ಎಳೆಯೋ ಗಾಡಿ ಮಾರಿ ಎರಡು ಟನ್ನಿನದು ತಗೊಳ್ತಿದ್ದೀಯಾ? ತಲೆ ಕೆಟ್ಟಿದೆಯಾ?" ಹೀಗೆ ಕೇಳಿದವನು ನನ್ನ ಹಳೇ ಗೆಳೆಯ. ಗಾಡಿಯ ಹಿಂದೆ ಪ್ರವಾಸದ ಟ್ರೇಲರ್ ಕಟ್ಟಿಕೊಂಡು ನನಗಿಂತ ಹತ್ತು ವರ್ಷ ಮೊದಲೇ ಸುತ್ತಲು ಶುರು ಮಾಡಿದವನು. ಅದಕ್ಕೇ ಆಗ ಬಾಯಿ ಮುಚ್ಚಿಕೊಂಡಿದ್ದೆ. ಈಗ ಆ ಎರಡು ಟನ್ನಿನ ಗಾಡಿ 40 ದಿನದಲ್ಲಿ ಹತ್ತಿರಹತ್ತಿರ 6,000 ಕಿ.ಮೀ. ಎಳೆದು ವಾಪಸ್ ಬಂದಿದೆ. ಟ್ರೇಲರ್ ಒಂದು ಸಲವೂ ಬಾಲ ಬೀಸಲಿಲ್ಲ, ಅಂದರೆ ಎಡಬಲಕ್ಕೆ ತೂಗಾಡಲಿಲ್ಲ. ಇನ್ನು ಸುಮ್ನಿರಲು ಆಗುವುದಿಲ್ಲ.

ಮೊದಲಿನ ಗಾಡಿ ಗಿಡ್ಡ ವೀಲ್‌ಬೇಸಿನದು, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಸುಮಾರು 2.4 ಮೀಟರ್. ಎತ್ತರದ ಮೈ, ದೊಡ್ಡ ಇಂಜಿನ್. ಎಳೆಯುವ ಶಕ್ತಿಯ ಬಗ್ಗೆ ದೂರೇ ಇರಲಿಲ್ಲ. ಆದರೆ ಒಂದು ಇಳಿಜಾರಿನಲ್ಲಿ, 85ರ ವೇಗದಲ್ಲಿ, ಪಕ್ಕದಲ್ಲಿ ಲಾರಿಯೊಂದು ಹಾದುಹೋಯಿತು. ಟ್ರೇಲರ್ ಮೊದಲು ಮೆಲ್ಲಗೆ ಎಡಕ್ಕೆ ಎಳೆಯಿತು, ಆಮೇಲೆ ಬಲಕ್ಕೆ. ನಾನು ದಡ್ಡನ ಹಾಗೆ ಬ್ರೇಕ್ ಒತ್ತಿದೆ. ಬೀಸು ಇನ್ನೂ ಜಾಸ್ತಿಯಾಯಿತು. ಕನ್ನಡಿಯಲ್ಲಿ ಒಮ್ಮೆ ಟ್ರೇಲರಿನ ಎಡಮೈ ಪೂರ್ತಿ ಕಾಣುತ್ತಿತ್ತು, ಮರುಕ್ಷಣ ಬಲಮೈ. ಕಂಟ್ರೋಲರಿನ ಲಿವರ್ ಒತ್ತಿ ಟ್ರೇಲರ್ ಬ್ರೇಕ್ ಒಂದನ್ನೇ ಹಿಡಿಯಬೇಕೆಂದು ನೆನಪಾದದ್ದು ಕೊನೆಗೆ. ಹಿಡಿದೆ, ನಿಂತಿತು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.

ಮನೆಯಲ್ಲಿ ಬಾಲ್ ತೂಕ ಅಳೆದೇ ಹೊರಟಿದ್ದೆ. ಬಾಲ್ ಅಂದರೆ ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂದಿರುವ ಗುಂಡು; ಅದರ ಮೇಲೆ ಟ್ರೇಲರಿನ ಮೂತಿ ಹಾಕುವ ಭಾರವೇ ಬಾಲ್ ತೂಕ. 1,360 ಕೆ.ಜಿ. ಟ್ರೇಲರಿಗೆ ಬಾಲ್ ಮೇಲೆ 120, ಅಂದರೆ ಒಂಬತ್ತು ಪರ್ಸೆಂಟ್ ಹತ್ತಿರ. ಪರವಾಗಿಲ್ಲ ಅನ್ನಿಸಿತ್ತು. ಆದರೆ ಅಳೆದದ್ದು ನೀರಿನ ಟ್ಯಾಂಕ್ ಖಾಲಿ ಇದ್ದಾಗ. ಟ್ಯಾಂಕ್ ಇದ್ದದ್ದು ಟ್ರೇಲರಿನ ಆಕ್ಸಲಿಗಿಂತ, ಅಂದರೆ ಚಕ್ರದ ಅಚ್ಚಿಗಿಂತ, ಒಂದೂವರೆ ಮೀಟರ್ ಹಿಂದೆ. ಹೊರಡುವ ಬೆಳಿಗ್ಗೆ 90 ಲೀಟರ್ ತುಂಬಿಸಿದೆ. ಮಕ್ಕಳ ಎರಡು ಸೈಕಲ್ಲನ್ನು ಹಿಂದಿನ ಬಂಪರಿಗೆ ಕಟ್ಟಿದೆ. ವಾಪಸ್ ಬಂದು ಅದೇ ಸ್ಥಿತಿಯಲ್ಲಿ ಅಳೆದರೆ ಬಾಲ್ ಮೇಲೆ ಬರೀ 60! ಟ್ರೇಲರಿನ ತೂಕ 1,480ಕ್ಕೆ ಏರಿತ್ತು. ಒಂಬತ್ತು ಪರ್ಸೆಂಟ್ ಇದ್ದದ್ದು ನಾಲ್ಕಾಗಿತ್ತು. ಮೂತಿಯ ಭಾರ ಇಷ್ಟು ಇಳಿದರೆ ಬಾಲ ಬೀಸದೆ ಇನ್ನೇನು ಮಾಡೀತು?

ಅಳೆಯಲು ದುಬಾರಿ ಸ್ಕೇಲ್ ಬೇಡ. ಮನೆಯ ಬಾತ್‌ರೂಮ್ ತಕ್ಕಡಿ ಸಾಕು. ಒಂದು ಗಟ್ಟಿ ಹಲಗೆ, ಒಂದು ತುದಿ ಇಟ್ಟಿಗೆಯ ಮೇಲೆ, 90 ಸೆಂ.ಮೀ. ಆಚೆ ತಕ್ಕಡಿ. ಇಟ್ಟಿಗೆಯಿಂದ 30 ಸೆಂ.ಮೀ.ಗೆ ಕಪ್ಲರಿನ, ಅಂದರೆ ಬಾಲನ್ನು ಹಿಡಿಯುವ ಟ್ರೇಲರಿನ ಮೂತಿಯ, ಭಾರ ಬರಬೇಕು. ತಕ್ಕಡಿ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಗುಣಿಸುವ ಮುಂಚೆ, ಬರೀ ಹಲಗೆ ಇಟ್ಟಾಗ ತಕ್ಕಡಿ ತೋರಿಸಿದ್ದನ್ನು ಕಳೆಯಿರಿ. ಟ್ರೇಲರ್ ಮಟ್ಟವಾಗಿ ನಿಂತಿರಲಿ, ಚಕ್ರಕ್ಕೆ ತಡೆ ಇರಲಿ.

ಟ್ಯಾಂಕ್ ಕಿತ್ತು ಆಕ್ಸಲಿನ ಮುಂದಕ್ಕೇ ತಂದೆ, ಒಂದು ಗೇಣು ಅಂತರ. ಈಗ ತುಂಬಿದ್ದರೂ ಖಾಲಿ ಇದ್ದರೂ ಬಾಲ್ ತೂಕದಲ್ಲಿ ಮೂರ್ನಾಲ್ಕು ಕೆ.ಜಿ. ವ್ಯತ್ಯಾಸ ಅಷ್ಟೇ. ಸೈಕಲ್ ಮುಂದಿನ ಎ-ಫ್ರೇಮಿಗೆ, ಅಂದರೆ ಟ್ರೇಲರಿನ ಮೂತಿಯ ತ್ರಿಕೋನ ಚೌಕಟ್ಟಿಗೆ, ಹೋಯಿತು. ಬೇಡದ್ದನ್ನೆಲ್ಲ ಇಳಿಸಿ ಟ್ರೇಲರನ್ನು 1,300ಕ್ಕೆ ತಂದೆ, ಬಾಲ್ ಮೇಲೆ 130. ಇಳಿದದ್ದರಲ್ಲಿ ನಾನು ವರ್ಷಾನುಗಟ್ಟಲೆ ಹೊತ್ತು ತಿರುಗಿದ, ಒಮ್ಮೆಯೂ ತೆರೆಯದ ಟೂಲ್ ಪೆಟ್ಟಿಗೆಯೂ ಇತ್ತು.

ಇಷ್ಟಾದ ಮೇಲೆ ಗಾಡಿ ಆರಿಸುವಾಗ ನಾನು ನೋಡಿದ್ದು ಎರಡೇ. ವೀಲ್‌ಬೇಸ್ ಉದ್ದ ಇರಬೇಕು, ಹಿಂದಿನ ಆಕ್ಸಲಿನಿಂದ ಬಾಲ್ ಹತ್ತಿರ ಇರಬೇಕು. ಹೊಸತರಲ್ಲಿ ವೀಲ್‌ಬೇಸ್ 2.8 ಮೀಟರ್, ಬಾಲ್ 1.1 ಮೀಟರ್ ಹಿಂದೆ. 130 ಕೆ.ಜಿ. ಹಾಕಿದರೆ ಹಿಂದಿನ ಆಕ್ಸಲಿಗೆ 180 ಬೀಳುತ್ತದೆ, ಮುಂದಿನದರಿಂದ 50 ಕಳೆಯುತ್ತದೆ. ಹಳೆಯದರಲ್ಲಿ ಮುಂದಿನಿಂದ ಕಳೆಯುತ್ತಿದ್ದದ್ದು ಇದಕ್ಕಿಂತ ಜಾಸ್ತಿ. ಎಷ್ಟು ಟನ್ ಎಳೆಯುತ್ತದೆ ಅನ್ನುವುದನ್ನು ಶೋರೂಮಿನವರು ದೊಡ್ಡದಾಗಿ ಹೇಳುತ್ತಾರೆ. ಪೇಲೋಡ್, ಅಂದರೆ ಗಾಡಿ ತನ್ನ ಮೈಮೇಲೆ ಎಷ್ಟು ಹೊರಬಹುದು ಅಂತ ಕೇಳಿದರೆ ಮುಖ ನೋಡುತ್ತಾರೆ. ನನ್ನದರ ಪೇಲೋಡ್ 520. ನಮ್ಮ ಮೈಭಾರ 190, ಬಾಲ್ 130, ಟ್ರೇಲರ್ ಸಿಕ್ಕಿಸುವ ಕೊಂಡಿ, ಅಂದರೆ ಹಿಚ್, 35, ಸಾಮಾನು 110. ಉಳಿದದ್ದು 55. ಎಳೆಯುವ ಮಿತಿಯಲ್ಲಿ ಇನ್ನೂ 700 ಕೆ.ಜಿ. ಬಾಕಿ, ಪೇಲೋಡಿನಲ್ಲಿ ಒಬ್ಬ ದೊಡ್ಡವರನ್ನು ಕೂರಿಸಲೂ ಜಾಗವಿಲ್ಲ. ಮೊದಲು ಮುಗಿಯುವುದು ಅದೇ.

ದುಡ್ಡಿನ ವಿಷಯ ಹೇಳಲು ಬೇಜಾರು. ಹಳೇ ಗಾಡಿ ಮಾರಿದಾಗ ಕೊಂಡ ಬೆಲೆಯಲ್ಲಿ ಮೂರನೇ ಒಂದು ಭಾಗ ಹೋಯಿತು. ಅದಕ್ಕೂ ಮುಂಚೆ, ಹಿಂಭಾಗ ಕುಸಿಯುತ್ತದೆ ಅಂತ ಹಿಂದಿನ ಆಕ್ಸಲಿಗೆ ಗಾಳಿ ತುಂಬುವ ಏರ್‌ಬ್ಯಾಗ್ ಸ್ಪ್ರಿಂಗ್ ಹಾಕಿಸಿದ್ದೆ. ಗಾಡಿ ಮಟ್ಟವಾಗಿ ನಿಂತಿತು, ನೋಡಲು ಚೆಂದ. ಸ್ಟೀರಿಂಗ್ ಮಾತ್ರ ಹಗುರಾಗಿಯೇ ಉಳಿಯಿತು. ಏರ್‌ಬ್ಯಾಗ್ ಹಿಂಭಾಗ ಎತ್ತುತ್ತದೆ, ಮುಂದಿನ ಚಕ್ರಕ್ಕೆ ಭಾರ ವಾಪಸ್ ಕೊಡುವುದಿಲ್ಲ. ಆ ಕೆಲಸ ಮಾಡುವುದು ಸ್ಪ್ರಿಂಗ್ ಬಾರ್ ಇರುವ, ಭಾರ ಹಂಚುವ ಹಿಚ್. ಅದಕ್ಕೆ ಬಿದ್ದದ್ದು ಏರ್‌ಬ್ಯಾಗಿನ ಅರ್ಧ ಖರ್ಚು! ಹೊಸ ಗಾಡಿಗೆ ಅದನ್ನೇ ಹಾಕಿದೆ. ಕೆಲವು ಗಾಡಿಗಳಿಗೆ ಕಂಪನಿಯೇ ಬೇಡ ಅನ್ನುತ್ತದೆ, ಮ್ಯಾನ್ಯುಯಲ್ ನೋಡಿಕೊಳ್ಳಿ. ನನ್ನ ಅಳತೆ: ಮುಂದಿನ ಚಕ್ರದ ಕಮಾನಿನ ಎತ್ತರ ಖಾಲಿ ಇದ್ದಾಗ 790 ಮಿ.ಮೀ., ಟ್ರೇಲರ್ ಕಟ್ಟಿದಾಗ 812, ಬಾರ್ ಬಿಗಿದ ಮೇಲೆ 798. ಪೂರ್ತಿ 790ಕ್ಕೆ ತರಲು ಹೋಗಬೇಡಿ.

ನಡುವೆ ಒಂದು ಹುಚ್ಚು. ಗಾಳಿ ಹೇಗೆ ಹರಿಯುತ್ತದೆ ನೋಡೋಣ ಅಂತ ಟ್ರೇಲರಿನ ಮುಂಭಾಗಕ್ಕೆಲ್ಲ ಉಣ್ಣೆಯ ಎಳೆ ಅಂಟಿಸಿದೆ. ಮಗ ಕಿಟಕಿಯಿಂದ ವಿಡಿಯೊ ಮಾಡಿದ. ಎಳೆಗಳು ನಾಲ್ಕೂ ದಿಕ್ಕಿಗೆ ಕುಣಿದವು. ಅದನ್ನು ನೋಡಿ ಚಾವಣಿಯ ಮೇಲೆ ಪ್ಲೈವುಡ್ಡಿನ ಓರೆ ಹಲಗೆ ಕಟ್ಟಿದೆ. ಲೀಟರಿಗೆ ಏನೂ ಉಳಿಯಲಿಲ್ಲ, ಒಂದು ಶಿಳ್ಳೆ ಸದ್ದು ಮಾತ್ರ ಸೇರಿಕೊಂಡಿತು. ಉಳಿತಾಯ ಆದದ್ದು ವೇಗ ಇಳಿಸಿದಾಗ. ಟ್ರೇಲರ್ ಇಲ್ಲದೆ ಲೀಟರಿಗೆ 14 ಕಿ.ಮೀ. ಕೊಡುವ ಗಾಡಿ, ಕಟ್ಟಿಕೊಂಡು 95ರಲ್ಲಿ ಏಳೂವರೆ, 80ರಲ್ಲಿ ಒಂಬತ್ತರ ಹತ್ತಿರ.

ಹಿಚ್ಚಿನ ಕಟಕಟ ಸದ್ದನ್ನು ಪೂರ್ತಿ ನಿಲ್ಲಿಸಿದ್ದೇನೆ. ಹೇಗೆ ಅಂತ ಈಗ ಹೇಳುವುದಿಲ್ಲ, ಗೆಳೆಯ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾನೆ. ಒಂದು ಸುಳಿವು ಮಾತ್ರ: ಎರಡು ಇಂಚಿನ ಬಾಲ್ ಅಂದರೆ 50.8 ಮಿ.ಮೀ., 50 ಅಲ್ಲ. ನಿಮ್ಮ ಕಪ್ಲರ್ ಯಾವುದಕ್ಕೆ ಅಂತ ಮೊದಲು ಓದಿ.

ದಾರಿಯಲ್ಲಿ ವಿಶ್ರಾಂತಿಗೆ ನಿಂತಾಗಲೆಲ್ಲ ಟ್ರೇಲರ್ ಚಕ್ರದ ನಡುವಿನ ಹಬ್ ಹತ್ತಿರ ಅಂಗೈ ಹಿಡಿಯುತ್ತೇನೆ. ಎರಡನೇ ವಾರ ಬಲಗಡೆಯದು ಜಾಸ್ತಿ ಬಿಸಿ ಇತ್ತು. ಬಿಚ್ಚಿದರೆ ಬೇರಿಂಗ್ ನಟ್ ಅತಿಯಾಗಿ ಬಿಗಿದಿತ್ತು, ಬಿಗಿದವನು ನಾನೇ. ಸಡಿಲಿಸಿ ಹೊಸ ಗ್ರೀಸ್ ಹಾಕಿದೆ, ಸರಿಹೋಯಿತು. ಎಡಗಡೆ ಟೈರಿನ ಒಳ ಅಂಚು ಮಾತ್ರ ಸವೆದಿದೆ. ಆಕ್ಸಲ್ ಕೊಂಚ ಬಗ್ಗಿದೆಯೋ ಏನೋ. ಮುಂದಿನ ವಾರ ಜಾಕ್ ಕೊಟ್ಟು ನೋಡಬೇಕು.