ಕಲಾ ಚಿಕಿತ್ಸೆ ಕಲಿಯಬೇಕೆ? ಮೊದಲು ಚಿತ್ರದ ಮುಂದೆ ಸುಮ್ಮನಿರಲು ಕಲಿಯಿರಿ

ಘಾಟ್ಕೋಪರ್‌ನ ಸಾಲುಮನೆಗಳ ಚಾಳೊಂದರ ಹುಡುಗ ತನ್ನ ಮನೆಯ ಚಿತ್ರ ಬರೆದಿದ್ದ. ಗೋಡೆ, ಕಿಟಕಿ, ತಗಡಿನ ಮಾಡು, ಮುಂದೊಂದು ನೀರಿನ ಪೀಪಾಯಿ ಎಲ್ಲವೂ ಇತ್ತು. ಬಾಗಿಲು ಮಾತ್ರ ಇರಲಿಲ್ಲ. ಮೂರು ದಿನಗಳ ಕಾರ್ಯಾಗಾರ ಮುಗಿಸಿ ಪ್ರಮಾಣಪತ್ರದೊಂದಿಗೆ ಬಂದಿದ್ದ ಯುವತಿಯೊಬ್ಬಳು ಹುಡುಗನ ತಾಯಿಯನ್ನು ಪಕ್ಕಕ್ಕೆ ಕರೆದು, "ಬಾಗಿಲಿಲ್ಲದ ಮನೆ ಎಂದರೆ ಮಗು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ ಎಂದರ್ಥ" ಎಂದಳು. ಆ ತಾಯಿ ಅಂದು ರಾತ್ರಿ ನಿದ್ದೆ ಮಾಡಲಿಲ್ಲ. ಮರುವಾರ ನಾನು ಹುಡುಗನ ಪಕ್ಕದಲ್ಲಿ ಕುಳಿತು, ಈ ಮನೆಯೊಳಗೆ ಹೋಗುವುದು ಹೇಗೆ ಎಂದು ಕೇಳಿದೆ. ಅವನು ಒಂದು ನೀಲಿ ಪಟ್ಟೆಯ ಮೇಲೆ ಬೆರಳಿಟ್ಟ. ಅದು ಪರದೆ. ಚಾಳಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬಾಗಿಲು ತೆರೆದೇ ಇರುತ್ತದೆ; ದಾರಿಯಲ್ಲಿ ನಿಂತವರಿಗೆ ಕಾಣುವುದು ಪರದೆಯೇ.

ಆ ಯುವತಿ ಹೇಳಿದ್ದು ಅವಳ ಕಲ್ಪನೆಯಲ್ಲ. ಮನೆ, ಮರ ಮತ್ತು ಮನುಷ್ಯನ ಚಿತ್ರ ಬರೆಸಿ ನೋಡುವ ಪರೀಕ್ಷೆಯನ್ನು ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಬಕ್ 1948ರಲ್ಲಿ ಪ್ರಕಟಿಸಿದರು. ಬಾಗಿಲಿಲ್ಲದ ಮನೆಗೆ ಅಂತಹ ಅರ್ಥ ಹಚ್ಚುವುದು ಆ ಪರಂಪರೆಯಿಂದ ಬಂದದ್ದು. ಮುಂಬಯಿಯ ಚಾಳು ಆ ಲೆಕ್ಕದಲ್ಲಿ ಇರಲಿಲ್ಲ. ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳನ್ನು ಕರೆದುಕೊಂಡು ಮಾಟುಂಗ, ಡೊಂಬಿವಲಿ, ಪುಣೆಯ ನಮ್ಮ ಕನ್ನಡದ ಜನ ನನ್ನ ಬಳಿಗೆ ಬರುತ್ತಾರೆ: "ಇವಳಿಗೆ ಚಿತ್ರಕಲೆಯೂ ಇಷ್ಟ, ಮನಃಶಾಸ್ತ್ರವೂ ಇಷ್ಟ, ಎರಡೂ ಸೇರಿದ ಕೆಲಸ ಇದೆಯಂತಲ್ಲ?" ಇದೆ. ಆದರೆ ದಾರಿಯಲ್ಲಿ ಎಡವುವವರು ಬಹಳ. ಅವರಿಗಾಗಿ ಈ ಬರಹ.

ಹೆಜ್ಜೆ 1: ಏನನ್ನು ಕಲಿಯಲು ಹೊರಟಿದ್ದೀರಿ ಎಂದು ತಿಳಿಯಿರಿ

ಕ್ಷಯರೋಗಕ್ಕೆ ಆರೈಕೆಧಾಮ ಸೇರಿದ್ದ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್, ಚಿತ್ರ ಬರೆಯುತ್ತ ತಾನು ಚೇತರಿಸಿಕೊಂಡ ಅನುಭವದಿಂದ 1942ರಲ್ಲಿ 'ಕಲಾ ಚಿಕಿತ್ಸೆ' ಎಂಬ ಹೆಸರು ಕೊಟ್ಟರು. ಚಿತ್ರ ಬರೆಯುವ ವ್ಯಕ್ತಿ, ಚಿತ್ರ, ಜೊತೆಗೆ ತರಬೇತಿ ಪಡೆದ ಚಿಕಿತ್ಸಕ, ಈ ಮೂವರ ನಡುವೆ ನಡೆಯುವ ಕೆಲಸ ಇದು. ಬಣ್ಣ ತುಂಬುವ ಮಂಡಲದ ಪುಸ್ತಕ ಮನಸ್ಸಿಗೆ ಹಿತ ಕೊಡಬಹುದು, ಅದು ಚಿಕಿತ್ಸೆಯಲ್ಲ. ಮುಖಪುಟದಲ್ಲಿ 'ಥೆರಪಿ' ಎಂದು ಅಚ್ಚಾಗಿದ್ದರೆ ಆ ಪುಸ್ತಕವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹೆಜ್ಜೆ 2: ಮನಃಶಾಸ್ತ್ರ ಮೊದಲು

ಇದರಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ಬಿ.ಎ. ಮನಃಶಾಸ್ತ್ರ, ಆಮೇಲೆ ಎಂ.ಎ.; ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಿದೆ, ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯವಿದೆ, ದೇವನಾರ್‌ನಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆ ಇದೆ, ಪುಣೆಯವರಿಗೆ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯವಿದೆ. ಚಿತ್ರಕಲೆಯ ಅಭ್ಯಾಸವನ್ನು ಮನೆಯಲ್ಲೂ ಮುಂದುವರಿಸಬಹುದು. ಖಿನ್ನತೆ ಯಾವುದು, ಆರಂಭದ ಸ್ಕಿಜೋಫ್ರೀನಿಯಾ ಯಾವುದು ಎಂದು ಗುರುತಿಸುವುದನ್ನು ಮನೆಯಲ್ಲಿ ಕೂತು ಕಲಿಯಲಾಗದು. ಮನೋವೈದ್ಯರ ಬಳಿಗೆ ಯಾರನ್ನು, ಯಾವಾಗ ಕಳುಹಿಸಬೇಕೆಂದು ತಿಳಿಯದವರ ಕೈಯಲ್ಲಿ ಕುಂಚ ಅಪಾಯಕಾರಿ.

ಜೆ.ಜೆ. ಕಲಾಶಾಲೆಯೇ ನಿಮ್ಮ ಕನಸಾಗಿದ್ದರೆ ತಡೆಯುವುದಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಕಲಿತು ಕಲಿಸಿದ ಜಾಗ ಅದು. ಅಲ್ಲಿಂದ ಹೊರಬಂದ ಮೇಲೆ ಮನಃಶಾಸ್ತ್ರಕ್ಕೆ ಮತ್ತೆ ಕೆಲವು ವರ್ಷ ಕೊಡಲು ಸಿದ್ಧರಿರಿ, ಅಷ್ಟೆ.

ಅಡ್ಡದಾರಿಯ ಬಗ್ಗೆ ಒಂದು ಮಾತು. ಕೆಲಸ ಮಾಡುತ್ತಲೇ ಅಂಚೆ ಶಿಕ್ಷಣದಲ್ಲಿ ಎಂ.ಎ. ಮಾಡಿಕೊಳ್ಳುತ್ತೇನೆ ಎನ್ನುವವರು ಈಗಲೂ ಬರುತ್ತಾರೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಮನಃಶಾಸ್ತ್ರ ಕಲಿಸುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನಿಲ್ಲಿಸಿದೆ. ಹಳೆಯ ಜಾಹೀರಾತು ನೋಡಿ ಹಣ ಕಟ್ಟಬೇಡಿ.

ಹೆಜ್ಜೆ 3: ಕೋರ್ಸ್ ಆರಿಸುವಾಗ ಕೇಳಬೇಕಾದದ್ದು

ಬ್ರಿಟನ್ನಿನಲ್ಲಿ 'ಆರ್ಟ್ ಥೆರಪಿಸ್ಟ್' ಎಂಬುದು ಕಾನೂನಿನ ರಕ್ಷಣೆಯಿರುವ ಬಿರುದು. ಅಲ್ಲಿನ ಆರೋಗ್ಯ ವೃತ್ತಿಗಳ ಮಂಡಳಿಯಲ್ಲಿ ನೋಂದಣಿಯಾಗದೆ ಯಾರೂ ಅದನ್ನು ಬಳಸುವಂತಿಲ್ಲ. ಅಮೆರಿಕದಲ್ಲೂ ಸ್ನಾತಕೋತ್ತರ ಪದವಿ ಬೇಕು. ನಮ್ಮಲ್ಲಿ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ನೋಂದಾಯಿಸುವ ವೃತ್ತಿಗಳಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು ಇದ್ದಾರೆ; ಕಲಾ ಚಿಕಿತ್ಸಕರು ಇಲ್ಲ. 2021ರ ಸಹ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ಮಾತ್ರ ಚಲನೆ, ಕಲೆ ಮತ್ತು ನೃತ್ಯ ಚಿಕಿತ್ಸಕರ ಹೆಸರು ಬಂದಿದೆ. ಆದ್ದರಿಂದ 'ಸರ್ಕಾರಿ ಮಾನ್ಯತೆ ಪಡೆದ ಕಲಾ ಚಿಕಿತ್ಸಕರಾಗಿ' ಎಂಬ ಜಾಹೀರಾತು ಕಂಡರೆ, ಯಾವ ಮಾನ್ಯತೆ, ಯಾರು ಕೊಟ್ಟದ್ದು ಎಂದು ಬರಹದಲ್ಲಿ ಕೇಳಿ.

ಪಠ್ಯಕ್ರಮದ ಪುಸ್ತಿಕೆಯನ್ನು ಬದಿಗಿಟ್ಟು ಸಂಸ್ಥೆಯವರನ್ನು ಹೀಗೆ ಕೇಳಿ. ನಿಜವಾದ ಜನರೊಂದಿಗೆ ಎಷ್ಟು ಗಂಟೆ ಕೆಲಸ ಮಾಡಿಸುತ್ತೀರಿ? ಆ ಪ್ರತಿಯೊಂದು ಗಂಟೆಯನ್ನೂ ನನ್ನೊಂದಿಗೆ ಚರ್ಚಿಸುವ ಮೇಲ್ವಿಚಾರಕರು ಯಾರು, ಅವರ ಓದು ಏನು? ನಾನೇ ಚಿಕಿತ್ಸೆಗೆ ಕೂರಬೇಕೆಂಬ ನಿಯಮ ಇದೆಯೆ? ಬ್ರಿಟನ್ನಿನ ಕೋರ್ಸುಗಳಲ್ಲಿ ಈ ಕೊನೆಯದು ಕಡ್ಡಾಯ, ಮತ್ತು ಅದು ಬಹಳ ಸರಿ. ಈ ಮೂರಕ್ಕೆ ನೇರ ಉತ್ತರ ಕೊಡದ ಸಂಸ್ಥೆಯ ಮೆಟ್ಟಿಲು ಇಳಿಯಿರಿ. ವಾರಾಂತ್ಯದ ಕಾರ್ಯಾಗಾರಕ್ಕೆ ಹೋಗಬಾರದೆಂದಲ್ಲ. ರುಚಿ ನೋಡಲು ಹೋಗಿ, ವೃತ್ತಿಗೆ ಪರವಾನಗಿ ಸಿಕ್ಕಿತೆಂದುಕೊಂಡು ಮರಳಬೇಡಿ.

ಹೆಜ್ಜೆ 4: ಚಿತ್ರ ಬರೆಯುವವರ ಪಕ್ಕದಲ್ಲಿ ಕೂರುವುದು

ಮುಕ್ಕಾಲು ಪಾಲು ಜನ ಎಡವುವುದು ಇಲ್ಲೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಸಾಮಗ್ರಿ. ಯಾವುದನ್ನು ಕೊಡುತ್ತೀರಿ ಎಂಬುದರಲ್ಲೇ ಅರ್ಧ ಚಿಕಿತ್ಸೆ ಇದೆ. ಪೆನ್ಸಿಲು, ಬಣ್ಣದ ಪೆನ್ಸಿಲು, ಕತ್ತರಿಸಿ ಅಂಟಿಸುವ ಕಾಗದ ಇವೆಲ್ಲ ಕೈಯ ಹಿಡಿತದಲ್ಲಿರುವ ವಸ್ತುಗಳು. ಆತಂಕದಲ್ಲಿರುವವರಿಗೆ ಆಸರೆ ಕೊಡುತ್ತವೆ. ಜಲವರ್ಣ, ಬೆರಳಿನಿಂದ ಹಚ್ಚುವ ಬಣ್ಣ, ಹಸಿ ಮಣ್ಣು ಇವು ಹಿಡಿತ ತಪ್ಪಿಸುತ್ತವೆ, ಒಳಗಿನದನ್ನು ಸಡಿಲಿಸುತ್ತವೆ. ಹೊಸದಾಗಿ ಆಘಾತ ಅನುಭವಿಸಿ ಬಂದವರ ಮುಂದೆ ಮೊದಲ ದಿನವೇ ನೀರು ತುಂಬಿದ ಬಟ್ಟಲು, ಹರಡುವ ಬಣ್ಣ ಇಟ್ಟರೆ ಅವರು ಕುಸಿಯಬಹುದು. ಮಾತಿನಲ್ಲೇ ಎಲ್ಲವನ್ನೂ ವಿಂಗಡಿಸಿಟ್ಟುಕೊಂಡ, ಅಳು ಬಾರದ ಮನುಷ್ಯನಿಗೆ ಅದೇ ಬಟ್ಟಲು ಬೇಕಾಗಬಹುದು. ಕಲಾ ಚಿಕಿತ್ಸಕರಾದ ಕೇಗಿನ್ ಮತ್ತು ಲುಸೆಬ್ರಿಂಕ್ 1978ರಲ್ಲಿ ಮುಂದಿಟ್ಟ, ಮೆಟ್ಟಿಲುಗಳಂತಿರುವ ಚೌಕಟ್ಟಿನ ಬುಡದಲ್ಲಿರುವುದು ಸ್ಪರ್ಶ ಮತ್ತು ಚಲನೆ. ಮೇಲಿನ ಮೆಟ್ಟಿಲಲ್ಲಿ ಯೋಚನೆ ಮತ್ತು ಸಂಕೇತ. ಡೊಂಬಿವಲಿಯ ಅಜ್ಜಿಯೊಬ್ಬರಿಗೆ ಮರೆವಿನ ಕಾಯಿಲೆ. ಮಗನ ಹೆಸರು ನಾಲಗೆಗೆ ಬರುತ್ತಿರಲಿಲ್ಲ, ಪೆನ್ಸಿಲು ಕೊಟ್ಟರೆ ಹಿಡಿಯುತ್ತಿರಲಿಲ್ಲ. ರಂಗೋಲಿ ಪುಡಿಯ ತಟ್ಟೆ ಇಟ್ಟಾಗ ಹೆಬ್ಬೆರಳು ಮತ್ತು ತೋರುಬೆರಳು ತಾವಾಗಿಯೇ ಕೂಡಿಕೊಂಡವು. ಏಳು ಚುಕ್ಕಿಯ ಸಾಲು ಇಟ್ಟರು. ಬೆರಳುಗಳ ನೆನಪು ಆ ಬುಡದ ಮೆಟ್ಟಿಲಲ್ಲಿ ಉಳಿದಿತ್ತು.

ನನ್ನ ಚೀಲದಲ್ಲಿ ಎಣ್ಣೆ ಪೇಸ್ಟಲ್ ಸದಾ ಇರುತ್ತದೆ. ಒತ್ತಿದರೆ ಗಾಢ, ತೇಲಿಸಿದರೆ ತೆಳು, ಬೆರಳಿನಿಂದ ಒರೆಸಬಹುದು. ಅಗ್ಗದ ಸ್ಕೆಚ್ ಪೆನ್ ಬೇಡವೇ ಬೇಡ: ಒತ್ತಿದರೂ ತೇಲಿಸಿದರೂ ಒಂದೇ ಗೆರೆ, ಎರಡು ಸಲ ತಿದ್ದಿದರೆ ಕಾಗದ ಹರಿಯುತ್ತದೆ. ಮಿನುಗುಪುಡಿ ಎಲ್ಲ ಚಿತ್ರಗಳನ್ನೂ ಹಬ್ಬದ ಶುಭಾಶಯ ಪತ್ರ ಮಾಡಿಬಿಡುತ್ತದೆ. ಮಣ್ಣಿಗೆ ಗಣಪತಿ ಮಾಡುವ ಶಾಡೂ ಮಣ್ಣು ಉತ್ತಮ. ಚೌತಿಗೆ ಮೊದಲು ಮುಂಬಯಿ, ಪುಣೆ ಎರಡೂ ಕಡೆ ಸುಲಭವಾಗಿ ಸಿಗುತ್ತದೆ. ಒಣಗುವಾಗ ತೆಳ್ಳನೆಯ ಕೈಕಾಲು ಬಿರುಕು ಬಿಡುತ್ತವೆ ಎಂದು ಮೊದಲೇ ಹೇಳಿಬಿಡಿ. ತಾನು ಮಾಡಿದ ಅಪ್ಪನ ಗೊಂಬೆಯ ಕೈ ಮುರಿದು ಬಿದ್ದದ್ದನ್ನು ಮರುವಾರ ನೋಡುವ ಮಗುವಿಗೆ ಅದು ಬರೀ ಮಣ್ಣಲ್ಲ. ಕ್ಯಾನ್ಸರ್ ಔಷಧದಿಂದ ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳ ವಾರ್ಡಿಗೆ ಮಣ್ಣು ಒಯ್ಯಲೇಬೇಡಿ. ಒಬ್ಬೊಬ್ಬರಿಗೂ ಒಡೆಯದ ಹೊಸ ಡಬ್ಬಿಯ ಬಣ್ಣ ಕೊಡಿ.

ಇನ್ನು ಕೂರುವ ಕ್ರಮ. ಎದುರಿಗೆ ಕೂತರೆ ಪರೀಕ್ಷೆಯಾಗುತ್ತದೆ, ಬೆನ್ನ ಹಿಂದೆ ನಿಂತರೆ ಕಾವಲಾಗುತ್ತದೆ. ಪಕ್ಕದಲ್ಲಿ, ಸ್ವಲ್ಪ ಓರೆಯಾಗಿ, ಅದೇ ಎತ್ತರದಲ್ಲಿ ಕೂರಿ. ಮಹಾರಾಷ್ಟ್ರದಲ್ಲಿ ಶಾಲೆ ಕಲಿತ ದೊಡ್ಡವರಲ್ಲಿ ಅನೇಕರು ಕಾಗದ ಕಂಡೊಡನೆ, "ನನಗೆ ಎಲಿಮೆಂಟರಿಯಲ್ಲಿ ಸಿ ಗ್ರೇಡ್ ಬಂದಿತ್ತು" ಎನ್ನುತ್ತಾರೆ. ಎಲಿಮೆಂಟರಿ, ಇಂಟರ್ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳ ಅಂಜಿಕೆ ನಲವತ್ತು ವರ್ಷವಾದರೂ ಹೋಗಿರುವುದಿಲ್ಲ. ಅಂತಹವರಿಗೆ ಬಿಳಿ ಹಾಳೆ ಕೊಡಬೇಡಿ; ಹಳೆಯ ದಿನಪತ್ರಿಕೆ ಕೊಟ್ಟು ಹರಿಯಲು ಹೇಳಿ, ಹರಿದ ಚೂರುಗಳನ್ನು ಬೇಕಾದಂತೆ ಅಂಟಿಸಲಿ. ಹರಿಯುವುದಕ್ಕೆ ಯಾರೂ ಗ್ರೇಡ್ ಕೊಟ್ಟಿರುವುದಿಲ್ಲ.

ಅವರ ಕಾಗದದ ಮೇಲೆ ನಿಮ್ಮ ಒಂದು ಗೆರೆಯೂ ಬೀಳಬಾರದು. "ಚೆನ್ನಾಗಿದೆ" ಎನ್ನಬೇಡಿ, ಮುಂದಿನ ಚಿತ್ರ ನಿಮಗಾಗಿ ಬರೆದದ್ದಾಗುತ್ತದೆ. "ಇದೇನು?" ಎಂದೂ ಕೇಳಬೇಡಿ; ಗುರುತು ಸಿಗದಷ್ಟು ಕೆಟ್ಟದಾಗಿದೆ ಎಂದು ಅವರಿಗೆ ಕೇಳಿಸುತ್ತದೆ. ಐವತ್ತು ನಿಮಿಷದಲ್ಲಿ ಕೊನೆಯ ಹದಿನೈದನ್ನು ನೋಡುವುದಕ್ಕೆ ಉಳಿಸಿಕೊಳ್ಳಿ. ಚಿತ್ರವನ್ನು ಗೋಡೆಗೆ ಅಂಟಿಸಿ, ಇಬ್ಬರೂ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲಿ. ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಿ: "ಈ ಗೆರೆ ಅಂಚಿನವರೆಗೆ ಬಂದಿದೆ." ಆಮೇಲೆ ಸುಮ್ಮನಿರಿ. ಒಂದು ನಿಮಿಷ ಬಹಳ ದೀರ್ಘ ಎನ್ನಿಸುತ್ತದೆ. ನನ್ನ ತರಬೇತಿಯ ಮೊದಲ ವರ್ಷ ಆ ನಿಮಿಷವನ್ನು ನಾನು ಮಾತಿನಿಂದ ತುಂಬಿದ್ದೆ. ಹೋಟೆಲಿನಲ್ಲಿ ದುಡಿಯುವ ಹುಡುಗನೊಬ್ಬ ಬಾಯಿ ತೆರೆಯುವಷ್ಟರಲ್ಲಿ ನಾನು "ಇದು ಊರಿನ ಗದ್ದೆಯೆ?" ಎಂದೆ. ಹೌದೆಂದು ತಲೆಯಾಡಿಸಿದ, ಮುಂದೆ ಏನೂ ಹೇಳಲಿಲ್ಲ, ಮತ್ತೆ ಬರಲಿಲ್ಲ. ಅವನು ಹೇಳಲಿದ್ದದ್ದು ಏನೆಂದು ನನಗೆ ಇಂದಿಗೂ ಗೊತ್ತಿಲ್ಲ.

ಚಿತ್ರ ಅದನ್ನು ಬರೆದವರ ಸ್ವತ್ತು. ಅವರ ಒಪ್ಪಿಗೆಯಿಲ್ಲದೆ ಫೋಟೊ ತೆಗೆಯುವಂತಿಲ್ಲ, ಮೊಬೈಲಿನಲ್ಲಿ ಯಾರಿಗೂ ಕಳುಹಿಸುವಂತಿಲ್ಲ. ಹಿಂದೆ ದಿನಾಂಕ ಬರೆದು, ಕಡತದಲ್ಲಿಟ್ಟು ಬೀಗ ಹಾಕಿ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ ಗೋಪ್ಯತೆ ನಿಲ್ಲುತ್ತದೆ. ಇನ್ನೊಂದು ಕಡೆಯೂ ನಿಲ್ಲುತ್ತದೆ: ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಮಗು ತಿಳಿಸಿದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ವರದಿ ಮಾಡಲೇಬೇಕು. ಕೇವಲ ಒಂದು ಚಿತ್ರ ನೋಡಿ ತೀರ್ಮಾನಕ್ಕೆ ಬರಬೇಡಿ, ಮಗುವಿನ ಬಾಯಿಗೆ ಮಾತು ತುರುಕುವ ಪ್ರಶ್ನೆಗಳನ್ನೂ ಕೇಳಬೇಡಿ. ಅದೇ ದಿನ ಮೇಲ್ವಿಚಾರಕರೊಂದಿಗೆ ಮಾತನಾಡಿ. ಮಕ್ಕಳ ಸಹಾಯವಾಣಿ 1098 ನಿಮ್ಮ ಗೋಡೆಯ ಮೇಲೆ ಬರೆದಿರಲಿ. ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416.

ಹೆಜ್ಜೆ 5: ಕೆಲಸ ಹುಡುಕುವುದು

'ಕಲಾ ಚಿಕಿತ್ಸಕರು ಬೇಕಾಗಿದ್ದಾರೆ' ಎಂಬ ಜಾಹೀರಾತಿಗೆ ಕಾಯುತ್ತ ಕೂತರೆ ವರ್ಷಗಳು ಕಳೆಯುತ್ತವೆ. ಸಾಮಾನ್ಯವಾಗಿ ಆಪ್ತ ಸಮಾಲೋಚಕಿ, ವಿಶೇಷ ಶಿಕ್ಷಕಿ ಎಂಬ ಹುದ್ದೆಗೆ ಸೇರಿ, ಅದರೊಳಗೆ ಕಲೆಯನ್ನು ತರಬೇಕು. ಸಿಬಿಎಸ್‌ಇ ಶಾಲೆಗಳಲ್ಲಿ ಸಮಾಲೋಚಕರು ಮತ್ತು ವಿಶೇಷ ಶಿಕ್ಷಕರು ಇರಬೇಕೆಂಬ ನಿಯಮವಿದೆ. ವಿಶೇಷ ಶಿಕ್ಷಕರಾಗಲು ಆರ್‌ಸಿಐ ಮಾನ್ಯತೆಯ ಕೋರ್ಸ್ ಬೇಕು. ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಆರೈಕೆಯ ಕೇಂದ್ರಗಳು, ಮಕ್ಕಳ ಆಸ್ಪತ್ರೆಗಳು, ವೃದ್ಧಾಶ್ರಮಗಳು, ಪುಣೆಯಲ್ಲಿ 1986ರಲ್ಲಿ ಆರಂಭವಾದ ಮುಕ್ತಾಂಗಣದಂತಹ ವ್ಯಸನಮುಕ್ತಿ ಕೇಂದ್ರಗಳು, ಹೀಗೆ ಬಾಗಿಲು ತಟ್ಟಿ ನೋಡಬೇಕಾದ ಜಾಗಗಳು ಹಲವು. ಬಹುಪಾಲು ಮೊದಲು ಸಿಗುವುದು ವಾರಕ್ಕೆ ಎರಡು ದಿನದ, ಗಂಟೆ ಲೆಕ್ಕದ ಕೆಲಸ. ಹಾಗಾಗಿ ಒಂದು ಸ್ಥಿರ ಸಂಬಳದ ಕೆಲಸ ಕೈಯಲ್ಲಿಟ್ಟುಕೊಂಡೇ ಆರಂಭಿಸಿ.

ನಿಮ್ಮಲ್ಲಿ ಒಂದು ಆಸ್ತಿ ಇದೆ, ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ: ಕನ್ನಡ, ತುಳು, ಕೊಂಕಣಿ. ಈ ನಗರದಲ್ಲಿ ಚಿಕಿತ್ಸೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. "ಎದೆ ಭಾರ" ಎಂದಾಗ ಅದು ಹೃದಯದ ಕಾಯಿಲೆಯೊ ದುಃಖವೊ ಎಂದು ದುಭಾಷಿಯಿಲ್ಲದೆ ಕೇಳಿಸಿಕೊಳ್ಳುವವರು ಬಹಳ ಕಡಿಮೆ.

ಕೊನೆಗೆ ವಿಸಿಟಿಂಗ್ ಕಾರ್ಡ್. ಹೆಸರಿನ ಕೆಳಗೆ ಪದವಿ, ವಿಶ್ವವಿದ್ಯಾಲಯ, ವರ್ಷ ಇಷ್ಟನ್ನೇ ಅಚ್ಚು ಹಾಕಿಸಿ. ಆರ್‌ಸಿಐ ನೋಂದಣಿ ಇದ್ದರೆ ಸಂಖ್ಯೆ ಬರೆಯಿರಿ, ಇಲ್ಲದಿದ್ದರೆ 'ಕ್ಲಿನಿಕಲ್ ಸೈಕಾಲಜಿಸ್ಟ್' ಎಂಬ ಪದ ಎಲ್ಲಿಯೂ ಬರಬಾರದು. ಮೇಲ್ವಿಚಾರಣೆಗೆ ಹೋಗುವುದನ್ನು ಮುಂದುವರಿಸಿದ್ದೀರೆಂದು ಕೇಳಿದವರಿಗೆ ಹೇಳಿ. ನಾನು ತಿಂಗಳಿಗೆ ಎರಡು ಸಲ, ಹಾರ್ಬರ್ ಲೈನ್ ಹಿಡಿದು, ಈಗಲೂ ಹೋಗುತ್ತೇನೆ.